ಇಳಿಸಲು ಮರೆತ ಬೆಳಕು

“ಮೇಡಂ, ಕೈ ತೆಗೀರಿ! ಒಳಗೆ ಹಲ್ಲಿ ಮೊಟ್ಟೆ ಇಕ್ಕ್ಯದೆ!”

ಕಾಡಂಚಿನ ಸಾನಮಾವು ಹಳ್ಳಿಯಲ್ಲಿ ಬೀದಿದೀಪಗಳ ಪೆಟ್ಟಿಗೆ ತೆರೆದ ಮಾಲಿನಿಗೆ ಊರಿನ ಹುಡುಗ ಕುಮಾರೇಶ ಆಡಿದ ಮೊದಲ ಮಾತೇ ಗದರಿಕೆ! ಹೊಸೂರಿನ ಕಂಪನಿಯ ಇಂಜಿನಿಯರಮ್ಮನಿಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಆ ನಗುವೇ ಮುಂದೆ ಅವಳ ನಿದ್ದೆ ಕೆಡಿಸಿತು ಅನ್ನಿ.

ಅವಳು ರೂಪಿಸಿದ ದೀಪಗಳು ಜನ ಬಂದರೆ ಬೆಳಗುತ್ತಿದ್ದವು, ಹೋದರೆ ಮಂಕಾಗುತ್ತಿದ್ದವು. ಆನೆ ದಾಟುವ ಕಡೆ ಮಾತ್ರ ಸದಾ ಕೆಂಡದಂಥ ಮಂದ ಬೆಳಕು. ಕರೆಂಟೂ ಉಳಿಯಿತು, ಆನೆಗೂ ದಿಗಿಲಿಲ್ಲ. ಪೆಟ್ಟಿಗೆಯ ಬೀಗದಕೈ ಊರವರು ನಂಬಿ ಕುಮಾರೇಶನಿಗೆ ಕೊಟ್ಟಿದ್ದರು.

ಉದ್ಘಾಟನೆಯ ದಿನ, ಫೋಟೋ ಚೆನ್ನಾಗಿ ಬರಲೆಂದು ಮಾಲಿನಿಯೇ ಎಲ್ಲ ದೀಪಗಳನ್ನೂ ಪೂರ್ತಿ ಏರಿಸಿದಳು. ಇಳಿಸುವುದನ್ನು ಮರೆತು ಹೊರಟೂಬಿಟ್ಟಳು!

ಸಂಜೆ ಮರಿಯೊಂದಿಗೆ ಬಂದ ಆನೆ ಆ ಬೆಳಕಿಗೆ ಬೆದರಿ ಬೈರಮ್ಮನ ಟೊಮೆಟೊ ತೋಟಕ್ಕೆ ನುಗ್ಗಿತು. ದೀಪ ಇಳಿಸಲು ಓಡಿದ ಕುಮಾರೇಶ ಬಿದ್ದು ಕೈ ಮುರಿದುಕೊಂಡ. ಮುರಿದ ಕೈಯಲ್ಲೇ ಪೆಟ್ಟಿಗೆ ತೆರೆದವನನ್ನು ಊರವರು ಕಂಡರು.

“ದೀಪ ಕೆಡಿಸಿದ್ದು ನೀನೇ ಕಣ್ಲಾ!”

ಅವನು ತುಟಿ ಬಿಚ್ಚಲಿಲ್ಲ. ಹೊಸೂರಿನಲ್ಲಿ ಸುದ್ದಿ ತಿಳಿದ ಮಾಲಿನಿಯೂ...

‘ಹೇಳಿದರೆ ಕೆಲಸ ಹೋಗುತ್ತೆ. ಹೇಳದಿದ್ದರೆ ಅವನ ಹೆಸರು...’ ಅನ್ನ ಸೇರಲಿಲ್ಲ. ಬೈಯಲೆಂದೇ ಕರೆಯುತ್ತಿದ್ದಾನೆ ಎಂದುಕೊಂಡು ಅವನ ಫೋನೂ ಎತ್ತಲಿಲ್ಲ.

ಬೀಗದಕೈ ಕಿತ್ತುಕೊಳ್ಳುತ್ತಾರೆಂಬ ಸುದ್ದಿ ಬಂದಾಗ ಮಾತ್ರ ತಡೆಯಲಾಗಲಿಲ್ಲ. ಊರವರು ಸೇರಿದ್ದ ಬೈರಮ್ಮನ ಜಗಲಿಗೆ ಓಡಿ ಬಂದಳು.

“ತಪ್ಪು ಅವರದ್ದಲ್ಲ! ದೀಪ ಏರಿಸಿ ಮರೆತೋಳು ನಾನು. ಅವರನ್ನ ಬೈತಿದ್ರೂ ಬಾಯಿ ಮುಚ್ಕೊಂಡಿದ್ದೋಳೂ ನಾನೇ...”

ಬೈರಮ್ಮ ಕುಮಾರೇಶನ ಕೈಯ ಪಟ್ಟಿ ನೋಡಿದಳು.

“ಗಿಡ ಮತ್ತೆ ನೆಡಬೋದು ಕಣಮ್ಮ. ಈ ಹೈದನ್ನ ಬಾಯಿಗೆ ಬಂದಂಗೆ ಬೈದ್ನಲ್ಲ, ಅದನ್ನೇನ್ ಮಾಡ್ಲಿ?”

ಎಲ್ಲರೂ ಎದ್ದು ಹೋದ ಮೇಲೆ ಕುಮಾರೇಶ ಹತ್ತಿರ ಬಂದ.

“ಮರೆತೋಳು ನಾನೇ ಅಂತ ನಿಮಗೆ ಗೊತ್ತಿತ್ತಾ?” ಮಾಲಿನಿ ಕೇಳಿದಳು.

“ಪೆಟ್ಟಿಗೆ ತೆಗೆದೇಟ್ಗೆ ಗೊತ್ತಾಯ್ತು.”

“ಮತ್ಯಾಕೆ ಹೇಳಲಿಲ್ಲ?”

“ನೀವೇ ಬಂದು ಹೇಳ್ತೀರಿ ಅಂತ ಕಾಯ್ತಿದ್ದೆ. ನೀವು ಫೋನೇ ಎತ್ನಿಲ್ಲ...”

“ಬೈತೀರಿ ಅಂದ್ಕೊಂಡೆ!”

“ಹಲ್ಲಿ ಮರಿ ಆಗ್ಯವೆ ಅಂತ ಹೇಳಕ್ಕೆ ಮಾಡ್ದೆ.”

ಮಾಲಿನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

“ನನ್ನನ್ನ ಕ್ಷಮಿಸ್ತೀರಾ?”

“ನೋವಾಗ್ಯದೆ ಮೇಡಂ. ನಿಧಾನಕ್ಕಾಗ್ಲಿ... ಅಲ್ಲೀಗಂಟ ದಿನಾ ಬತ್ತೀರಾ?”

“ಬರ್ತೀನಿ,” ಎಂದಳು. ಅವನ ಪಟ್ಟಿ ಕಟ್ಟಿದ ಕೈಯನ್ನು ಮೆಲ್ಲಗೆ ಮುಟ್ಟಿದಳು. “ಕ್ಷಮಿಸಿದ ಮೇಲೂ ಬರ್ತೀನಿ.”