ಬೀಗತಿಯಾಗುವ ಮೊದಲು

ಹೂವಪ್ಪ ತಲೆಗೆ ಬಣ್ಣ ಹಚ್ಚಿಕೊಂಡು ಬಂದಿದ್ದ. ಐವತ್ನಾಲ್ಕು ವರ್ಷದ ಗಂಡಸು, ಸಾಗರದಲ್ಲಿ ಇಪ್ಪತ್ತೆಂಟು ವರ್ಷ ಕರೆಂಟು ಕಂಬ ಹತ್ತಿ ಇಳಿದ ಲೈನ್‌ಮನ್. ಈಗ ಹೊಸನಗರದ ಬಸ್‌ಸ್ಟ್ಯಾಂಡಿನ ಎದುರು ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ಕೂತು, ಕಿವಿಯ ಪಕ್ಕ ಚರ್ಮಕ್ಕೂ ಅಂಟಿದ್ದ ಬಣ್ಣವನ್ನು ಕರ್ಚೀಫಿನಿಂದ ಉಜ್ಜುತ್ತಿದ್ದ. ಎಷ್ಟು ಉಜ್ಜಿದರೂ ಅದು ಕರ್ಚೀಫಿಗೆ ಹತ್ತಿತೇ ಹೊರತು ಪೂರ್ತಿ ಹೋಗಲಿಲ್ಲ.

ಹಿಂದಿನ ದಿನ ಶ್ಯಾಮಲಾ ಫೋನು ಮಾಡಿದ್ದಳು. "ಒಂದು ವಿಷಯ ಮಾತಾಡಕ್ಕಿತ್ತು ಮಾರಾಯ. ಫೋನಲ್ಲಿ ಆಗಲ್ಲ. ನಾಳೆ ಹೊಸನಗರಕ್ಕೆ ಬಾ."

ಅವಳಿರುವುದು ತೀರ್ಥಹಳ್ಳಿ, ಇವನಿರುವುದು ಸಾಗರ, ಹೊಸನಗರ ಇಬ್ಬರಿಗೂ ನಡುವಿನ ಊರು. ಇಬ್ಬರೂ ಹೈಸ್ಕೂಲು ಓದಿದ್ದೂ ಇಲ್ಲೇ. ಹೂವಪ್ಪನಿಗೂ ಅವಳ ಹತ್ತಿರ ಮಾತಾಡುವ ವಿಷಯವೊಂದಿತ್ತು. ಎರಡು ವರ್ಷದಿಂದ ಬಾಯಿ ತೆರೆಯುವುದು, ಮುಚ್ಚುವುದು, ಇದೇ ಆಗಿತ್ತು. ಈಗ ಅವಳೇ ಕರೆದಿದ್ದಾಳೆ ಅಂದಮೇಲೆ ದೇವರು ಕಣ್ಣು ಬಿಟ್ಟ ಎಂದುಕೊಂಡು ಮೊದಲ ಬಸ್ಸಿಗೇ ಹೊರಟು ಬಂದಿದ್ದ.

ಹೈಸ್ಕೂಲಿನ ಮೂರು ವರ್ಷವೂ ಅವನು ಅವಳನ್ನು ನೋಡಿದ್ದೇ ಬಂತು. ಆ ಕಾಲದಲ್ಲಿ ಹುಡುಗಿಯ ಹತ್ತಿರ ನೋಟ್‌ಬುಕ್ ಕೇಳುವುದಕ್ಕೂ ಗುಂಡಿಗೆ ಬೇಕಿತ್ತು, ಹೂವಪ್ಪನಿಗೆ ಇದ್ದದ್ದು ಕಣ್ಣು ಮಾತ್ರ. ಆಮೇಲೆ ಅವಳು ನರ್ಸ್ ಟ್ರೈನಿಂಗಿಗೆ ಹೋದಳು. ಇವನು ಕರೆಂಟಿನ ಕೆಲಸ ಕಲಿಯುವಾಗ ಒಂದು ಮದುವೆ ಮನೆಗೆ ಸೀರಿಯಲ್ ಸೆಟ್ ಕಟ್ಟಲು ಹೋದ. ಚಪ್ಪರದ ಕಂಬದ ಮೇಲಿನಿಂದ ಕೆಳಗೆ ನೋಡಿದರೆ, ಅರಿಶಿನ ಹಚ್ಚಿಸಿಕೊಂಡು ಕೂತವಳು ಶ್ಯಾಮಲಾ! ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನುವುದಕ್ಕೂ ಇಲ್ಲ, ಕೈಗೇ ಬಂದಿರಲಿಲ್ಲವಲ್ಲ. ಬಲ್ಬು ಸುತ್ತಿ, ಉರಿಯುತ್ತದೋ ಇಲ್ಲವೋ ಎಂದು ಎರಡು ಸಲ ನೋಡಿ ಇಳಿದು ಬಂದಿದ್ದ.

ಇವನಿಗೂ ಮದುವೆಯಾಯಿತು. ಹೆಂಡತಿಯನ್ನು ಪ್ರೀತಿಯಿಂದಲೇ ನೋಡಿಕೊಂಡ. ಮಗಳು ಭವ್ಯಾ ಏಳನೇ ಕ್ಲಾಸಿನಲ್ಲಿದ್ದಾಗ ಹೆಂಡತಿ ಜಾಂಡೀಸ್ ಆಗಿ ತೀರಿಕೊಂಡಳು. ಅಂದಿನಿಂದ ಮಗಳಿಗೆ ಜಡೆ ಹಾಕುವುದರಿಂದ ಹಿಡಿದು ಎಲ್ಲವನ್ನೂ ಹೂವಪ್ಪನೇ ಕಲಿತ. ಅತ್ತ ಶ್ಯಾಮಲಾ ಮನೆಮನೆ ನಡೆದು ಊರಿನ ಅರ್ಧ ಮಕ್ಕಳಿಗೆ ಸೂಜಿ ಚುಚ್ಚಿದಳು. ಒಂಬತ್ತು ವರ್ಷದ ಹಿಂದೆ ಗಂಡ ತೀರಿಹೋದಮೇಲೆ ಮಗ ಕಿರಣ್ ಒಬ್ಬನೇ ಅವಳಿಗೆ.

ಎರಡು ವರ್ಷದ ಹಿಂದೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಮೇಷ್ಟ್ರುಗಳಿಗೆ ಶಾಲು ಹೊದಿಸಿದ ದಿನ ಇಬ್ಬರೂ ಸಿಕ್ಕರು. ಎಲೆ ಮುಂದೆ ಕೂತವನು ಉಪ್ಪಿನಕಾಯಿ ಸಪ್ಪೆ ಅಂದ. "ನಮ್ಮನೇದು ತಿಂದು ಮಾತಾಡು" ಎಂದಳು ಅವಳು. ಮುಂದಿನ ವಾರ ಒಂದು ಸ್ಟೀಲ್ ಡಬ್ಬಿ ತುಂಬ ಅಪ್ಪೆಮಿಡಿ ಉಪ್ಪಿನಕಾಯಿ ಬಂತು.

ಅಲ್ಲಿಂದ ಶುರುವಾಯಿತು ನೋಡಿ. ಕೊಟ್ಟವರ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದಲ್ಲ, ಇವನು ಜೋನಿಬೆಲ್ಲ ತುಂಬಿ ಕಳಿಸಿದ. ಅವಳು ಹಲಸಿನ ಹಪ್ಪಳ ಕಳಿಸಿದಳು. ಇವನು ಮೊಬೈಲ್ ನೋಡಿಕೊಂಡು ಚಕ್ಕುಲಿ ಸುಟ್ಟು ಕಳಿಸಿದ. "ಹಲ್ಲಿನ ಡಾಕ್ಟ್ರ ಖರ್ಚು ಯಾರು ಕೊಡ್ತಾರೆ?" ಎಂದು ಮೆಸೇಜು ಬಂತು. ಅದನ್ನು ಅವನು ಎಷ್ಟು ಸಲ ಓದಿದನೋ ಲೆಕ್ಕವಿಲ್ಲ. ಬಾಯಿ ಬಿಡದ ಇಬ್ಬರ ಪರವಾಗಿ ಡಬ್ಬಿ ಓಡಾಡಿತು.

ತಾವೇ ಕೊಂಡೊಯ್ದರೆ ಊರವರು ಆಡಿಕೊಳ್ಳುತ್ತಾರೆ. ಅದಕ್ಕೇ ಮಕ್ಕಳ ಕೈಲಿ ಕಳಿಸುತ್ತಿದ್ದರು. ಭವ್ಯಾ ತೀರ್ಥಹಳ್ಳಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು, ಶನಿವಾರ ಮನೆಗೆ ಬಂದು ಸೋಮವಾರ ಹೋಗುವವಳು. ಅಲ್ಲಿ ಬಸ್‌ಸ್ಟ್ಯಾಂಡಿಗೆ ಬಂದು ಡಬ್ಬಿ ಇಸಿದುಕೊಳ್ಳುವವನು ಕಿರಣ್. ಎಂಥಾ ಬುದ್ಧಿವಂತಿಕೆ ಎಂದು ಹೂವಪ್ಪ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

"ಬಹಳ ಹೊತ್ತಾಯ್ತಾ ಬಂದು?"

ಶ್ಯಾಮಲಾ ಎದುರು ಬಂದು ಕೂತಳು. ಹಸಿರು ಸೀರೆ, ಬೆವರಿಗೆ ಹಣೆಗೆ ಅಂಟಿದ ನಾಲ್ಕು ಬಿಳಿಕೂದಲು. ಅವಳ ಕಣ್ಣು ನೇರ ಇವನ ತಲೆಗೆ ಹೋಯಿತು, ಅಲ್ಲಿಂದ ಕಿವಿಗೆ ಇಳಿಯಿತು, ತುಟಿಯ ಮೂಲೆಯಲ್ಲಿ ನಗು ಬಂದು ಹೋಯಿತು. ಹೂವಪ್ಪನಿಗೆ ಕೈ ಎಲ್ಲಿಡಬೇಕೋ ಗೊತ್ತಾಗಲಿಲ್ಲ.

"ಈಗಷ್ಟೇ ಬಂದೆ" ಎಂದು ಸುಳ್ಳು ಹೇಳಿದ. ಟೇಬಲ್ಲಿನ ಮೇಲೆ ಕಾಫಿಯ ಮೂರು ಖಾಲಿ ಲೋಟವಿತ್ತು.

"ನಿಂಗೆ ಗೊತ್ತಾಗಿರ್ಬೇಕು, ಅಲ್ದಾ?" ಅಂದಳು ಅವಳು, ಸೆರಗಿನ ತುದಿ ಬೆರಳಿಗೆ ಸುತ್ತುತ್ತ.

"ಗೊತ್ತಾಗದೆ ಎಂತ? ಎರಡು ವರ್ಷದಿಂದ ಗೊತ್ತು."

"ಎರಡು ವರ್ಷದಿಂದ? ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ನೀನು? ಕಿರಣ ನಂಗೆ ಮೊನ್ನೆ ಹೇಳಿದ. ಭವ್ಯಾನ ಬಿಟ್ಟು ಬೇರೆ ಯಾರನ್ನೂ ಮದುವೆ ಆಗಲ್ಲ ಅಂತ ಕೂತಿದಾನೆ. ನಿನ್ನ ಮಗಳಿಗೆ ನಿನ್ನ ಎದುರು ಬಾಯಿ ಬರ್ಲಿಲ್ಲವಂತೆ. ಅದಕ್ಕೇ ನಾನು ಬಂದಿದ್ದು."

ಹನ್ನೊಂದು ಕೆವಿ ಲೈನಿನ ಕಂಬದ ಮೇಲೆ ನಿಂತಾಗಲೂ ಕಾಲು ನಡುಗದ ಹೂವಪ್ಪ ಟೇಬಲ್ಲಿನ ಅಂಚು ಹಿಡಿದುಕೊಂಡ. ಡಬ್ಬಿ ಕೊಟ್ಟವರು, ಇಸಿದುಕೊಂಡವರು, ನಡುವೆ ಬಸ್‌ಸ್ಟ್ಯಾಂಡು! ಇಷ್ಟು ದಿನ ಯಾರ ಪ್ರೀತಿ ಯಾರ ಕೈಲಿ ಬೆಳೆಯಿತು! ಬೇಲಿಯನ್ನು ತಾನೇ ತೆರೆದಿಟ್ಟು ದನ ಹೊಕ್ಕಿತು ಅಂದರೆ ಯಾರು ಕೇಳುತ್ತಾರೆ?

"ನಿಂಗೆ ಗೊತ್ತಿರ್ಲಿಲ್ಲ" ಅಂದಳು ಶ್ಯಾಮಲಾ, ಮೆಲ್ಲಗೆ. ಅವನ ಮುಖ ನೋಡಿ ಅವಳಿಗೆ ಎಲ್ಲ ಅರ್ಥವಾಗಿತ್ತು.

ಮಕ್ಕಳು ಮದುವೆಯಾದರೆ ಇವರಿಬ್ಬರು ಬೀಗರು. ಬೀಗ ಬೀಗತಿ ಅಂದರೆ ಅಣ್ಣ ತಂಗಿಯ ಸಮ. ಇವರಿಬ್ಬರು ಮದುವೆಯಾದರೆ ಮಕ್ಕಳೇ ಅಣ್ಣ ತಂಗಿ. ಎರಡರಲ್ಲಿ ಒಂದು ಮದುವೆಗೆ ಮಾತ್ರ ಚಪ್ಪರ ಏಳಲು ಸಾಧ್ಯ.

"ನಾವು ಬೇಡ ಅಂದ್ರೆ?" ಅಂದ ಹೂವಪ್ಪ. ಅಂದಮೇಲೆ ಅವನಿಗೇ ನಾಚಿಕೆಯಾಯಿತು.

"ಕಾರಣ ಬೇಕಲ್ಲ. ನಿನ್ನ ಮಗಳಲ್ಲಿ ಒಂದು ಐಬು ಹೇಳು, ನೋಡಣ."

"ಬೆಳಿಗ್ಗೆ ಬೇಗ ಏಳಲ್ಲ."

"ನನ್ನ ಮಗನೂ ಏಳಲ್ಲ. ಸರಿಯಾದ ಜೋಡಿ ಆಯ್ತು."

"ಅವನಿಗೆ ಏನಾದ್ರೂ ಚಟ?"

"ಅಡಿಕೆ ಸುಲಿಯೋ ಮೆಷಿನ್ನು ರಿಪೇರಿ ಮಾಡದು. ಊಟಕ್ಕೆ ಕರೆದ್ರೂ ಬರಲ್ಲ, ಅದೊಂದೇ ಚಟ."

ಇಬ್ಬರೂ ನಕ್ಕರು. ನಗು ನಿಂತಮೇಲೆ ಇಬ್ಬರಿಗೂ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

"ಭವ್ಯಾ ನನ್ನ ಹತ್ರ ಒಂದು ಮಾತು ಹೇಳಿದ್ಲು" ಎಂದಳು ಶ್ಯಾಮಲಾ. "ನಾನು ನಿಮ್ಮನ್ನ ಅತ್ತೆ ಅನ್ನಲ್ಲ, ಅಮ್ಮ ಅಂತೀನಿ, ಆಗ್ಬೋದಾ ಅಂದ್ಲು. ಆ ಹುಡುಗಿಗೆ ಬೇಡ ಅಂತ ಹೆಂಗೆ ಹೇಳ್ಲಿ ಹೂವಪ್ಪ?"

ಅಲ್ಲಿಗೆ ಮುಗಿಯಿತು. ಏಳನೇ ಕ್ಲಾಸಿನಿಂದ ಅಮ್ಮ ಅನ್ನಲು ಯಾರೂ ಇಲ್ಲದ ಮಗಳು. ಅವಳಿಗೆ ಸಿಗುವುದನ್ನು ಅಪ್ಪನಾದವನು ಕಿತ್ತುಕೊಳ್ಳುವುದುಂಟೇ? ಹೂವಪ್ಪ ಕಣ್ಣೊರೆಸಿಕೊಂಡ. ಕರ್ಚೀಫಿನ ಕಪ್ಪು ಕೆನ್ನೆಗೂ ಹತ್ತಿತು.

"ಬೇಡ ಅಂತ ಹೇಳಲ್ಲ ಬಿಡು. ಇಬ್ರೂ ಹಂಗೆ ಹೇಳದು ಬೇಡ" ಅಂದ.

ಹೊರಗೆ ತೀರ್ಥಹಳ್ಳಿ ಬಸ್ಸು ಬಂದು ನಿಂತಿತ್ತು. ಕಂಡಕ್ಟರ್ ಕೂಗತೊಡಗಿದ. ಶ್ಯಾಮಲಾ ಎದ್ದಳು, ಎದ್ದವಳು ಹಾಗೇ ನಿಂತಳು.

"ನೀನು ಇವತ್ತು ಬೇರೆ ಎಂತದೋ ಕೇಳಕ್ಕೆ ಬಂದಿದ್ದೆ."

"ಇಲ್ಲ, ಹಂಗೇನಿಲ್ಲ."

"ಸುಳ್ಳು ಹೇಳ್ಬೇಡ. ಲೈನ್‌ಮನ್ನಿಗೆ ಬಣ್ಣ ಹಚ್ಕಂಡು ಬರೋ ಅಂಥ ಕೆಲಸ ಹೊಸನಗರದಲ್ಲಿ ಎಂತದಿತ್ತು? ಕೇಳು ಮಾರಾಯ. ಇವತ್ತು ಬಿಟ್ರೆ ನಿಂಗೆ ಕೇಳೋ ಹಂಗಿಲ್ಲ, ನಂಗೆ ಹೇಳೋ ಹಂಗಿಲ್ಲ."

ಮೂವತ್ತೇಳು ವರ್ಷದ ಹಿಂದೆ ಬರದ ಮಾತು ಬಸ್ಸಿನ ಹಾರನ್ನಿನ ನಡುವೆ ಬಂತು. "ಶ್ಯಾಮಲಾ, ನನ್ನ ಮದುವೆ ಆಗ್ತೀಯಾ?"

ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಅವಳು ಯಾರನ್ನೂ ಲಕ್ಷ್ಯ ಮಾಡಲಿಲ್ಲ. ಅವನ ಕೆನ್ನೆಯ ಕಪ್ಪನ್ನು ಹೆಬ್ಬೆರಳಿನಿಂದ ಒರೆಸಿದಳು.

"ಆಗ್ತೀನಿ" ಅಂದಳು. "ತೀರ್ಥಹಳ್ಳಿ ಮುಟ್ಟೋ ತನಕ ನಾನು ನಿಂಗೆ ಒಪ್ಪಿದವಳು. ಬಸ್ಸಿಳಿದ ಮೇಲೆ ಬೀಗತಿ. ಮಕ್ಕಳಿಗೆ ಆಮೇಲೆ ಫೋನ್ ಮಾಡಣ."

ಬಸ್ಸು ಹೊರಟಿತು. ಕಿಟಕಿಯಲ್ಲಿ ಹಸಿರು ಸೆರಗು ಕಂಡಷ್ಟು ದೂರ ಕಂಡಿತು.

ಹೂವಪ್ಪ ಸಾಗರದ ಬಸ್ಸು ಹತ್ತಲಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತ. ತೀರ್ಥಹಳ್ಳಿಗೆ ಒಂದೂವರೆ ತಾಸಿನ ದಾರಿ. ಇವತ್ತೊಂದು ದಿನ ಟೈರು ಪಂಚರಾಗಲಿ, ರಸ್ತೆಗೆ ದನ ಅಡ್ಡ ಬರಲಿ ಎಂದು ಬೇಡಿಕೊಂಡ. ಪ್ರೈವೇಟ್ ಬಸ್ಸು, ಎಂದೂ ಟೈಮು ತಪ್ಪದ್ದು. ಭವ್ಯಾಳ ಫೋನು ಮೂರು ಸಲ ಬಂತು. ಎತ್ತಲಿಲ್ಲ.

ಒಂದೂವರೆ ತಾಸು ಮುಗಿಯಿತು. ಇನ್ನೂ ಹತ್ತು ನಿಮಿಷ ಸುಮ್ಮನೆ ಕೂತ. ನಾಲ್ಕನೇ ಸಲ ಫೋನು ಬಂದಾಗ ಎತ್ತಿದ.

"ಒಪ್ಪಿದೀನಿ ಮಗಾ" ಅಂದ. "ನಿಮ್ಮಮ್ಮ ಮನೆ ಮುಟ್ಟಿದ್ರಾ, ನೋಡು."