ಹಾಲುಬಳ್ಳಿಯ ಬೇರಿಗಾಗಿ

ಬೈಲಹೊಂಗಲದ ಪ್ರಯೋಗಾಲಯದಲ್ಲಿ ಹಾಲುಬಳ್ಳಿಯ ಬೇರಿನ ಸಾರ ತೀರಿಹೋಗಿತ್ತು. ಯಾವ ಮಾತ್ರೆಗೂ ಬಗ್ಗದ, ಗಾಯ ಕೊಳೆಸುವ ಬ್ಯಾಕ್ಟೀರಿಯಾವನ್ನು ಅದು ಕೊಂದಿತ್ತು. ಆದರೆ ಜೀವಕ್ಕೆ ಎಷ್ಟು ವಿಷವೆಂಬ ಪರೀಕ್ಷೆ ಬಾಕಿಯಿತ್ತು. ಹೊಸ ಬೇರು ಬೇಕೆಂದರೆ ಮನೋಳಿಯಾಚೆಯ ಕಮರಿಗೇ ಇಳಿಯಬೇಕು. ಸಂಶೋಧಕಿ ಅನ್ನಪೂರ್ಣಾ ತಮ್ಮ ವಿದ್ಯಾರ್ಥಿಗಳಾದ ಪ್ರಜ್ಞಾ ಮತ್ತು ಮಧುವಿನೊಂದಿಗೆ ಹೊರಟರು.

ಕೆಂಪು ಬಂಡೆಗಳ ಗುಡ್ಡ ಮಲಪ್ರಭೆಯ ಕಡೆಗೆ ಗೋಡೆಯಂತೆ ಕಡಿದು ನಿಂತಿತ್ತು. ಅಂಚಿನಲ್ಲಿ ಕಳ್ಳಿ, ಜಾಲಿ. ಅವುಗಳ ಕೆಳಗೆ, ಇಣುಕಿದರೆ ತಲೆ ತಿರುಗುವಷ್ಟು ಆಳದಲ್ಲಿ, ಬಿರುಕೊಂದರಿಂದ ಬಳ್ಳಿ ಜೋತುಬಿದ್ದಿತ್ತು. ಅದರ ಪಕ್ಕದಲ್ಲೇ ಹೆಜ್ಜೇನು ಕಟ್ಟಿತ್ತು.

"ಒದರಬ್ಯಾಡವ್ವಾ, ಜೇನು ಏಳತಾವು. ಹಗ್ಗ ಜಗ್ಗು, ಎಳಕೋತೇವಿ," ಎಂದರು ಅನ್ನಪೂರ್ಣಾ, ಪ್ರಜ್ಞಾಳ ಸೊಂಟಕ್ಕೆ ಹಗ್ಗ ಬಿಗಿಯುತ್ತಾ.

ಪ್ರಜ್ಞಾ ಇಳಿದಳು. ಬೇರು ಕಲ್ಲಿನೊಳಗೆ ಬಿಗಿದುಕೊಂಡಿತ್ತು. ಉಳಿಯಿಂದ ಮೀಟಿದಳು.

ಉಳಿ ಜಾರಿತು. ಕೈಗವಸು ಹರಿದು ಅಂಗೈ ಸೀಳಿತು. ಮುರಿದ ಬೇರಿನ ಹಾಲು ಗಾಯದೊಳಗೇ ಇಳಿಯಿತು.

ಬೆರಳುಗಳು ಮೊದಲು ಉರಿದವು. ಆಮೇಲೆ ಇವೆಯೋ ಇಲ್ಲವೋ ತಿಳಿಯದಾಯಿತು. ಜೋಮು ಮೊಣಕೈಯತ್ತ ಏರತೊಡಗಿತು. ಎದೆಯವರೆಗೆ ಬಂದರೆ? ಯಾರಿಗೂ ಗೊತ್ತಿರಲಿಲ್ಲ. ಆ ಪರೀಕ್ಷೆಯನ್ನೇ ಅವರಿನ್ನೂ ಮಾಡಿರಲಿಲ್ಲ.

ಬೇರನ್ನು ಸೊಂಟದ ಚೀಲಕ್ಕೆ ತುರುಕಿ, ಎಡಗೈಯಿಂದ ಹಗ್ಗ ಜಗ್ಗಿದಳು. ಮೇಲಿಂದ ಕಲ್ಲೊಂದು ಉರುಳಿ ಜೇನಿಗೆ ಬಡಿಯಿತು.

ಇಡೀ ಕಮರಿ ಗುಂಯ್ ಎಂದಿತು.

ಹುಳುಗಳು ಅವಳ ರೆಪ್ಪೆಯ ಮೇಲೆ, ತುಟಿಯ ಮೇಲೆ ಹರಿದಾಡಿದವು. ಕಣ್ಣು ಮುಚ್ಚಿ ಉಸಿರು ಹಿಡಿದಳು. ಮೇಲೇರುತ್ತಿದ್ದ ಹಗ್ಗ ಗಕ್ಕನೆ ನಿಂತಿತು. ಮೇಲೆ ಮಧು ಚೀರಿದ.

"ಬಿಡಬ್ಯಾಡೋ ಮಧು!" ಅನ್ನಪೂರ್ಣಾ ಕೂಗಿದರು.

"ಬಿಡಂಗಿಲ್ರೀ! ಕಡಿಯಾಕ ಹತ್ಯಾವ್ರಿ... ನೀವು ಎಳೀರಿ!"

ಹಗ್ಗ ಮತ್ತೆ ಅಲುಗಿತು. ಅಂಚು ದಾಟಿ ಬಂದವಳನ್ನು ಎಳೆದುಕೊಂಡು, ಮುಖ ಮುಚ್ಚಿಕೊಂಡು, ಮೂವರೂ ಜಾಲಿಮುಳ್ಳಿನ ನಡುವೆ ಓಡಿದರು.

ಸವದತ್ತಿಯ ಆಸ್ಪತ್ರೆಯಲ್ಲಿ ವೈದ್ಯರು ಕೇಳಿದರು, "ಈ ಬಳ್ಳಿ ವಿಷ ಏನ್ ಮಾಡತೈತಿ?"

"ಅದನ್ನ ತಿಳ್ಕೊಳ್ಳಾಕ ಹೋಗಿದ್ವಿರಿ," ಎನ್ನುವಾಗ ಪ್ರಜ್ಞಾಳ ಹಲ್ಲುಗಳು ಕಟಕಟಿಸುತ್ತಿದ್ದವು.

ಅನ್ನಪೂರ್ಣಾ ಅವಳ ನಾಡಿ ಹಿಡಿದೇ ಕುಳಿತರು. ಹೊತ್ತು ಇಳಿಯುವಾಗ ವೈದ್ಯರು ಅವಳ ಜೋಮು ಹಿಡಿದಿದ್ದ ಬೆರಳಿಗೆ ಸೂಜಿ ಚುಚ್ಚಿದರು.

"ಯವ್ವಾ, ನೋಯತೈತ್ರಿ!"

ಅಷ್ಟು ಹೊತ್ತು ಗಟ್ಟಿಯಾಗಿದ್ದ ಅನ್ನಪೂರ್ಣಾ ಆಗ ಅತ್ತುಬಿಟ್ಟರು.

ಕೆಲವು ದಿನಗಳ ಬಳಿಕ ಪರೀಕ್ಷೆ ನಡೆಯಿತು. ವಿಷವೆಷ್ಟೆಂದು ನೋಡಲು ಉಪ್ಪುನೀರಿನಲ್ಲಿ ಬಿಟ್ಟಿದ್ದ ಸೀಗಡಿಮರಿಗಳು ಗಟ್ಟಿ ಸಾರಕ್ಕೆ ಪೂರ್ತಿ ಸತ್ತುಹೋಗಿದ್ದವು. ನೀರು ಬೆರೆಸಿ ತೀರ ತೆಳುವಾಗಿಸಿದ ಸಾರವೂ ಬ್ಯಾಕ್ಟೀರಿಯಾವನ್ನು ತಡೆದಿತ್ತು. ಅದೇ ತೆಳು ಸಾರ ಬೆರೆಸಿದ ಸೀಗಡಿಮರಿಗಳ ಸೀಸೆಯ ಮೇಲೆ ಪ್ರಜ್ಞಾ ಬಾಗಿದಳು.

"ಸತ್ತಾವೇನು?" ಮಧು ಕೇಳಿದ. ಅವನ ಮುಖದ ಬಾವು ಇನ್ನೂ ಇಳಿದಿರಲಿಲ್ಲ.

"ಇಲ್ಲೋ. ಈಸಾಕ ಹತ್ಯಾವು. ಎಲ್ಲಾನೂ ಈಸಾಕ ಹತ್ಯಾವು!"

ಅನ್ನಪೂರ್ಣಾ ತಾವೇ ಬಂದು ನೋಡಿದರು. "ಔಷಧ ಆಗಾಕ ಇನ್ನ ಭಾಳ ದೂರ ಐತಿ," ಎಂದರು. ಆದರೂ ಅವರಿಗೆ ಆ ಸೀಸೆಯಿಂದ ಕಣ್ಣು ತೆಗೆಯಲಾಗಲಿಲ್ಲ.