ಹೆಂಚು ಇಳಿಸೋ ಮುಂಚೆ

"ಕೆಳಗೆ ಯಾರಾದ್ರೂ ಇದ್ದೀರಾ? ಇದನ್ನ ಹಿಡ್ಕೊಳ್ಳಿ! ನನ್ ಕೈ ಸೋತು ಹೋಯ್ತು!"

ಅಟ್ಟದ ಮೇಲಿಂದ ಕೂಗಿ ಕೂಗಿ ಕೆಂಪಿಯ ಗಂಟಲು ಕಟ್ಟಿತ್ತು. ಆದರೆ ಓಗೊಡುವವರೇ ಇಲ್ಲ! ಅಪ್ಪ ಹಿತ್ತಲು ಸೇರಿದ್ದ. ಅಜ್ಜಿ ಕೇಳಿಸಿದರೂ ಕೇಳಿಸದವಳ ಹಾಗೆ ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದಳು.

ಕೈಯಲ್ಲಿದ್ದ ಕುಕ್ಕೆ ಜಾರಿತು.

"ಅಯ್ಯಪ್ಪಾ!"

ಗಂಡಸಿನ ದನಿ! ಕೆಂಪಿ ಬೆಚ್ಚಿಬಿದ್ದು ಬಗ್ಗಿ ನೋಡಿದಳು. ಹೊಸ್ತಿಲ ಒಳಗೆ ಒಬ್ಬ ನಿಂತಿದ್ದ. ಅಜ್ಜಿ ಯಾವ ಕಾಲದಿಂದಲೋ ಕೂಡಿಟ್ಟಿದ್ದ ಹುಣಸೆ ಬೀಜ ಅವನ ತಲೆಯಿಂದ ಹೆಗಲಿಗೆ, ಹೆಗಲಿಂದ ನೆಲಕ್ಕೆ ಉದುರುತ್ತಿತ್ತು. ಅಟ್ಟದ ಇಲ್ಲಣ ಮೆತ್ತಿಕೊಂಡು ಮುಖವೆಲ್ಲ ಕಪ್ಪು. ಕಣ್ಣೆರಡೇ ಬೆಳ್ಳಗೆ ಮಿಟುಕುತ್ತಿದ್ದವು.

"ಬಾಗಿಲಿಗೆ ಬಂದೋರು ಕೂಗೋದಲ್ವಾ?" ಕೆಂಪಿ ತಪ್ಪು ಒಪ್ಪಿಕೊಳ್ಳುವ ಬದಲು ಗದರಿದಳು.

"ಕೂಗೋಣ ಅಂತಾನೇ ಬಾಯಿ ತೆಗೆದೆ. ಬೀಜ ಬಿತ್ತು."

ಆ ದನಿ... ಕೆಂಪಿ ಇನ್ನಷ್ಟು ಬಗ್ಗಿದಳು. ಜಕ್ಕೂರು ಅತ್ತೆಯ ಮಗ ಮುನಿಆಂಜಿನಪ್ಪ! ಈ ಮನೆಯ ಹೊಸ್ತಿಲು ತುಳಿದು ಎಷ್ಟು ವರ್ಷವಾಗಿತ್ತೋ!

"ಸಾಮಾನು ಸಾಗಿಸೋಕೆ ಗಾಡಿ ತಂದಿದ್ದೀನಿ," ಅಂದ ಅವನು ನೆಲ ನೋಡುತ್ತಾ. "ಅಮ್ಮ ಕಳಿಸಿದ್ಲು. ಮಾವ ಸಂತೇಲಿ ಸಿಕ್ಕಿ ಕೇಳಿದ್ನಂತೆ."

ಅಷ್ಟೇ. ಹೇಗಿದ್ದೀಯಾ ಅನ್ನಲಿಲ್ಲ. ಕಣ್ಣೆತ್ತಿ ನೋಡಲೂ ಇಲ್ಲ.

'ಅಬ್ಬಾ, ಎಷ್ಟು ಬಿಂಕ!' ಅಂದುಕೊಂಡಳು ಕೆಂಪಿ. ಆದರೂ ಕಣ್ಣು ಮಾತ್ರ ಅವನ ಬೆನ್ನ ಹಿಂದೆಯೇ ಹೋಯಿತು...

ಅದು ಸಾವಿರದ ಒಂಬೈನೂರ ಅರವತ್ತೊಂದರ ಬೇಸಿಗೆ. ಯಲಹಂಕದ ಹಳೇ ಊರಿನಲ್ಲಿ ಚಿಕ್ಕಮಾರಯ್ಯನದು ಮಣ್ಣುಗೋಡೆಯ ಮನೆ. ಮೇಲೆ ನಾಡಹೆಂಚು. ಮಳೆ ಬಂದರೆ ಅಜ್ಜಿ ದೊಡ್ಡಮುನಿಯಮ್ಮನ ಹಾಸಿಗೆಯ ಮೇಲೆಯೇ ಸೋರುತ್ತಿತ್ತು. ಮಳೆಗೆ ಮುಂಚೆ ಗೋಡೆ ಎತ್ತರಿಸಿ, ಮಂಗಳೂರು ಹೆಂಚು ಹೊದಿಸಬೇಕೆಂದು ಕೆಂಪಿ ವರ್ಷಗಟ್ಟಲೆ ಹಟ ಹಿಡಿದಿದ್ದಳು. ಅಪ್ಪ ಕಿವಿಗೇ ಹಾಕಿಕೊಂಡಿರಲಿಲ್ಲ.

ಆಮೇಲೆ ಬಾಗಲೂರಿಂದ ಹೆಣ್ಣು ಕೇಳಿ ಬಂದರು. "ಮೊದಲು ಮನೆ ನೋಡೋ ಹಾಗೆ ಮಾಡಿ, ಆಮೇಲೆ ಹೆಣ್ಣು ನೋಡ್ತೀವಿ" ಅಂದುಬಿಟ್ಟರು. ಚಿಕ್ಕಮಾರಯ್ಯ ಮರುದಿನವೇ ಖಾದರ್ ಬಾಷಾ ಮೇಸ್ತ್ರಿಯನ್ನು ಕರೆತಂದ!

'ಅಜ್ಜಿ ಮಳೇಲಿ ನೆನೆದಾಗ ಬಾರದ ಮೇಸ್ತ್ರಿ, ಯಾರೋ ಬಾಗಲೂರಿನೋರಿಗೆ ಬಂದ!' ಕೆಂಪಿಗೆ ಮೈಯೆಲ್ಲ ಉರಿದಿತ್ತು.

ತಾಯಿಯಿಲ್ಲದ ಮನೆ. ಖಾಲಿ ಮಾಡುವ ಕೆಲಸವೆಲ್ಲ ಅವಳ ತಲೆಗೇ ಬಂತು.

ಮತ್ತೆ ಅದೇನು ಸುಲಭದ ಕೆಲಸವೇ? ಅವಳು ಹೊರಗಿಟ್ಟ ಸಾಮಾನನ್ನು ಅಪ್ಪ ಒಳಗೆ ತರುತ್ತಿದ್ದ.

"ಅಪ್ಪಾ, ಆ ಮುರುಕು ಮೊರ ಯಾಕೆ ತಂದೆ?"

"ಇರ್ಲಿ ಕಣಮ್ಮಿ, ಬೇಕಾಗ್ತದೆ."

"ಈ ನೊಗ?"

"ನಮ್ಮಪ್ಪಂದು ಅದು!"

"ಹಂಗಾದ್ರೆ ಮನೇನೂ ನಿಮ್ಮಪ್ಪಂದೇ. ಬಿಡು, ಹಂಗೇ ಸೋರ್ಲಿ!"

ಕೋಳಿಯೊಂದು ಮಂಚದ ಕೆಳಗೆ ಕಾವಿಗೆ ಕೂತಿತ್ತು. ಮಂಚ ಎತ್ತಿದರೆ ಕುಕ್ಕಲು ಬರುತ್ತಿತ್ತು. ಮೇಸ್ತ್ರಿ ದಿನಾ ಬಂದು ಬೀಡಿ ಹಚ್ಚಿ, "ಏನಮ್ಮಾ, ನಾಳೆ ಹೆಂಚು ಇಳಿಸೋಣ್ವಾ?" ಅಂತ ಕೇಳಿ ಹೋಗುತ್ತಿದ್ದ. ರಾಗಿ ತುಂಬುವ ದೊಡ್ಡ ಮಣ್ಣಿನ ವಾಡೆಯಂತೂ ಬಾಗಿಲಲ್ಲಿ ಹಿಡಿಸಲೇ ಇಲ್ಲ! ತಲೆಬಾಗಿಲು ನಿಲ್ಲಿಸುವ ಮುಂಚೆಯೇ ಅದನ್ನು ಒಳಗಿಟ್ಟಿದ್ದರಂತೆ.

"ಯಾರ ಬುದ್ಧಿ ಇದು?" ಕೆಂಪಿ ತಲೆ ಚಚ್ಚಿಕೊಂಡಳು.

"ನಿಮ್ಮ ತಾತಂದು," ಅಂದಳು ಅಜ್ಜಿ ಹೆಮ್ಮೆಯಿಂದ.

ಕಡೆಗೆ ರಾಗಿಯನ್ನು ಚೀಲಕ್ಕೆ ತುಂಬುವುದೆಂದಾಯಿತು. ಆಂಜಿನಪ್ಪ ಮೊಗೆದು ಹಾಕುತ್ತಿದ್ದ, ಕೆಂಪಿ ಚೀಲದ ಬಾಯಿ ಹಿಡಿದಿದ್ದಳು. ಅವನು ಜಕ್ಕೂರು ವಿಮಾನದ ಮೈದಾನದಲ್ಲಿ ಕೆಲಸಕ್ಕಿದ್ದ. ಸಣ್ಣ ವಿಮಾನಗಳ ರೆಕ್ಕೆಗೆ ದಪ್ಪ ಬಟ್ಟೆ ಹೊದಿಸಿ ಹೊಲಿಯುವ ಕೆಲಸ. ಅದಕ್ಕೇ ಅವನ ಬೆರಳ ತುದಿಗಳು ಗಡುಸಾಗಿದ್ದವು. ಒಮ್ಮೆ ಆ ಬೆರಳು ಅವಳ ಕೈಗೆ ತಾಕಿತು...

ಚೀಲದ ಬಾಯಿ ಅರ್ಧ ಮುಚ್ಚಿಕೊಂಡು ಒಂದು ಹಿಡಿ ರಾಗಿ ನೆಲಕ್ಕೆ ಚೆಲ್ಲಿತು.

"ಬಾಗಲೂರಿನೋರಿಗೋಸ್ಕರ ಇಷ್ಟೊಂದು ಆತುರವಾ?" ಅವನು ಮೆಲ್ಲಗೆ ಕೇಳಿದ. "ಹಗಲೆಲ್ಲ ಇಷ್ಟು ದುಡೀತೀಯಾ..."

ಕೆಂಪಿಗೆ ರೇಗಿತು. ನಾನು ದುಡೀತಿರೋದು ಅಜ್ಜಿಗೋಸ್ಕರ ಅಂತ ಇವನಿಗೆ ಗೊತ್ತಾಗಲ್ವಾ? ಮಾವನ ಮಗಳು ಯಾರ ಮನೆಗೆ ಹೋದರೂ ಇವನಿಗೆ ಒಂದೇನಾ?

"ಹೂಂ, ಆತುರಾನೇ. ಏನೀಗ?"

ಅವನು ತಲೆ ತಗ್ಗಿಸಿ ರಾಗಿ ಮೊಗೆದ. ಅವತ್ತಿನಿಂದ ಎರಡಾಳಿನ ಕೆಲಸ ಒಬ್ಬನೇ ಮಾಡತೊಡಗಿದ. ರಜ ಹಾಕಿ ಬಂದ. ಬೆಳಿಗ್ಗೆ ಒಂದು ಗಾಡಿ, ಮಧ್ಯಾಹ್ನ ಒಂದು ಗಾಡಿ. ಒಂದು ತುತ್ತು ತಿನ್ನೋಕೂ ಕೂರಲಿಲ್ಲ.

'ನನ್ನನ್ನ ಬಾಗಲೂರಿಗೆ ಸಾಗಹಾಕೋಕೆ ಇವನಿಗೆಷ್ಟು ಅವಸರ!' ಕೆಂಪಿ ಬಚ್ಚಲಿಗೆ ಹೋಗಿ ಮುಖ ತೊಳೆಯುವ ನೆಪದಲ್ಲಿ ಅತ್ತಳು.

ಗಾಡಿಯ ಮೇಲೆ ಕೂತು ಜಕ್ಕೂರು ಕೆರೆ ಏರಿ ದಾಟುವಾಗ ಆಂಜಿನಪ್ಪನೂ ಯೋಚಿಸುತ್ತಿದ್ದ. 'ಅವಳಿಗೆ ಬೇಕಾಗಿರೋದು ಬೇಗ ಆಗ್ಲಿ. ಅಷ್ಟಾದ್ರೂ ನನ್ನಿಂದ ಆಗ್ಲಿ...'

ಅಂತೂ ಮನೆ ಖಾಲಿಯಾಯಿತು. ಮಂಚ, ಪಾತ್ರೆ, ಒರಳು, ಕೋಳಿ ಎಲ್ಲವೂ ಅತ್ತೆಯ ಮನೆ ಸೇರಿದವು. ವಾಡೆಯನ್ನು ಗೋಡೆ ಒಡೆದಾಗಲೇ ತೆಗೆಯುವುದೆಂದು ಬಿಟ್ಟರು. ಆದರೆ ಅಜ್ಜಿ?

ಅವಳು ಮೂಲೆ ಬಿಟ್ಟು ಏಳಲಿಲ್ಲ!

"ಅಜ್ಜೀ, ಏಳು. ಮೇಸ್ತ್ರಿ ಏಣಿ ಹಾಕಿ ಕಾಯ್ತಾವ್ನೆ."

"ಕಾಯ್ಲಿ."

"ತಲೆ ಮೇಲೆ ಹೆಂಚು ಬೀಳುತ್ತೆ!"

"ಬೀಳ್ಲಿ. ನಾನು ಏಳಾಕಿಲ್ಲ."

"ಏನಾಗಿದೆ ನಿಂಗೆ? ನಿನ್ ಮೇಲೆ ಸೋರಬಾರ್ದು ಅಂತ ತಾನೇ ನಾನು ಇಷ್ಟೆಲ್ಲ ಸಾಯ್ತಿರೋದು!"

ಅಜ್ಜಿ ಮುಖ ತಿರುಗಿಸಿಕೊಂಡಳು. ಏಣಿಯ ಮೇಲಿಂದ ಖಾದರ್ ಬಾಷಾ, "ನಾಳೆ ಬರ್ಲಾ ಅಮ್ಮಾ?" ಅಂದ. ಕೆಂಪಿಗೆ ಅಳು, ನಗು, ಸಿಟ್ಟು ಎಲ್ಲ ಒಟ್ಟಿಗೇ ಬಂತು. ಹೊಸ್ತಿಲ ಮೇಲೆ ಕುಸಿದು ಕೂತಳು.

ಆಗಲೇ ಬೀದಿಯಲ್ಲಿ ಗಾಡಿ ನಿಂತ ಸದ್ದು.

ಬಾಗಲೂರಿನವರು! ಹುಡುಗನ ದೊಡ್ಡಪ್ಪ ನರಸಯ್ಯ, ಅವನ ಹಿಂದೆ ಇಬ್ಬರು ಹೆಂಗಸರು. ಈ ಕಡೆ ಬಂದಿದ್ದರಂತೆ, ಹಾಗೇ ನೋಡಿಕೊಂಡು ಹೋಗೋಣ ಅಂತ ಬಂದರಂತೆ.

ಕೂರಿಸಲು ಚಾಪೆಯಿಲ್ಲ. ನೀರು ಕೊಡಲು ಲೋಟವಿಲ್ಲ. ಮದುವೆ ಹೆಣ್ಣಿನ ತಲೆ ತುಂಬ ಧೂಳು, ಸೀರೆಯ ತುಂಬ ಇಲ್ಲಣ. ಚಿಕ್ಕಮಾರಯ್ಯ ಹೆಗಲ ಮೇಲಿನ ವಸ್ತ್ರದಲ್ಲಿ ಜಗಲಿ ಒರೆಸುತ್ತಾ, "ಬನ್ನಿ, ಬನ್ನಿ..." ಅಂತ ತಡಬಡಾಯಿಸಿದ.

ನರಸಯ್ಯ ಕೂರಲಿಲ್ಲ. ಒಳಗೆ ಹೋಗಿ ಸುತ್ತ ನೋಡಿದ.

"ಹಜಾರ ಚಿಕ್ದಾಯ್ತಲ್ಲ ಚಿಕ್ಕಮಾರಯ್ಯ. ಇನ್ನೊಂದು ಅಂಕಣ ಸೇರಿಸು. ನಮ್ಮೋರು ಬಂದ್ರೆ ಕೂರೋಕೆ ಜಾಗ ಬೇಡ್ವಾ?" ಆಮೇಲೆ ಮೂಲೆಯತ್ತ ಗದ್ದ ಎತ್ತಿದ. "ಈ ಅಜ್ಜೀನ ಇಲ್ಲಿಂದ ಎಬ್ಬಿಸಿ ಹಿಂದಿನ ಕೊಟ್ಟಿಗೆ ಕಡೆ ಹಾಕು. ಒಳಗೆ ಬಂದ ತಕ್ಷಣ ಕಣ್ಣಿಗೆ ಬೀಳ್ತಾಳೆ."

ಅಜ್ಜಿಯ ಕುಟ್ಟಾಣಿ ನಿಂತಿತು.

ಕೆಂಪಿ ಎದ್ದಳು.

"ಯಜಮಾನ್ರೇ, ಈ ಮನೆ ನಿಮಗೆ ಅಂತ ರಿಪೇರಿ ಮಾಡಿಸ್ತಿಲ್ಲ. ಆ ಮೂಲೇಲಿ ನೀರು ಸೋರಬಾರದು, ಅಲ್ಲಿ ನಮ್ಮಜ್ಜಿ ಬೆಚ್ಚಗೆ ಮಲಗಬೇಕು ಅಂತ ಮಾಡಿಸ್ತಿರೋದು. ಅವಳು ಕಣ್ಣಿಗೆ ಬಿದ್ರೆ ಕಷ್ಟ ಅನ್ನೋರು ನಮ್ಮ ಬಾಗಿಲಿಗೆ ಬರೋದೇ ಬೇಡ."

"ಏನಂದೆ?"

"ಈ ಸಂಬಂಧ ನಂಗೆ ಬೇಡ ಅಂದೆ!"

"ಏಯ್ ಕೆಂಪಿ!" ಚಿಕ್ಕಮಾರಯ್ಯ ಕೂಗಿದ. ಅಷ್ಟರಲ್ಲಿ ಬಾಗಲೂರಿನವರು ಗಾಡಿ ಹತ್ತಿಯಾಗಿತ್ತು. "ಬಾಯಿ ನೋಡು ಅದರದ್ದು!" ಅನ್ನುವ ಹೆಂಗಸಿನ ಮಾತು ಬೀದಿಯುದ್ದಕ್ಕೂ ಕೇಳಿಸಿತು.

ಅಜ್ಜಿಯನ್ನು ಕರೆದೊಯ್ಯಲು ಬಂದು ಕಂಬ ಹಿಡಿದು ನಿಂತಿದ್ದ ಆಂಜಿನಪ್ಪ ಅವಳನ್ನೇ ನೋಡುತ್ತಿದ್ದ. ತುಟಿಯ ಮೇಲೆ ಒಂದು ಕಹಿ ನಗು.

"ನಿಂಗೆ ಬೇಡ ಅನ್ನೋದು ಸಲೀಸು, ಅಲ್ವಾ? ಅವತ್ತು ನನ್ನನ್ನೂ ಹಿಂಗೇ ಅಂದೆ."

ಕೆಂಪಿ ತಿರುಗಿದಳು. "ಏನು? ಯಾರನ್ನ? ನಿನ್ನನ್ನಾ?"

"ಅಮ್ಮ ನಿನ್ನ ಕೇಳೋಕೆ ಬಂದಾಗ. ಬಟ್ಟೆ ಹೊಲಿಯೋನು ನಂಗೆ ಬೇಡ ಅಂತ ನೀನೇ ಅಂದೆಯಂತಲ್ಲ. ಅಮ್ಮ ಅಳ್ತಾ ಬಂದ್ಲು. ಅದಕ್ಕೇ ಅಲ್ವಾ ಎರಡು ಮನೆಗೂ ಮಾತು ಬಿಟ್ಟಿದ್ದು?"

ಅತ್ತೆ ಹೊಲದ ಜಗಳಕ್ಕೆ ಮಾತು ಬಿಟ್ಟಳು ಅಂತ ತಾನೇ ಅಜ್ಜಿ ಹೇಳಿದ್ದು! ಇಷ್ಟು ವರ್ಷ... ಇಷ್ಟು ವರ್ಷ ಅವನು ಈ ಕಡೆ ತಲೆ ಹಾಕದಿದ್ದುದು ಇದಕ್ಕಾ?

"ನನ್ನ ಯಾರೂ ಕೇಳೇ ಇಲ್ಲ! ಅಪ್ಪಾ, ನೀನು ಯಾವಾಗ ಕೇಳ್ದೆ ನನ್ನ?"

ಚಿಕ್ಕಮಾರಯ್ಯನ ಸಿಟ್ಟು ಇಳಿದು ಮುಖ ಪೆಚ್ಚಾಯಿತು. "ನಾನೆಲ್ಲಿ ಕೇಳ್ದೆ? ಅವ್ವ ಕೇಳಿದ್ಲು... ನೀನು ಒಪ್ಪಾಕಿಲ್ಲ ಅಂದ್ಲು..."

ಮೂವರೂ ಮೂಲೆಯತ್ತ ತಿರುಗಿದರು.

ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಊಂ, ನಾನೇ ಅಂದೆ. ಏನ್ ಮಾಡ್ಲಿ? ನಿಮ್ಮವ್ವ ಓದ್ಮೇಲೆ ನಂಗೆ ಅಂತ ಇದ್ದೋಳು ನೀನೊಬ್ಬಳು. ಅವ್ನಿಗೆ ಕೊಟ್ರೆ ಅವತ್ತೇ ಕರ್ಕೊಂಡು ಓಗ್ತಿದ್ದ. ಆಮೇಲೆ ನಂಗೆ ಒಂದು ಲೋಟ ಅಂಬಲಿ ಕೊಡೋರ್ ಯಾರು?"

"ಅವ್ವಾ!" ಚಿಕ್ಕಮಾರಯ್ಯ ತಲೆ ಮೇಲೆ ಕೈ ಹೊತ್ತು ಕೂತ.

"ಈ ಬಾಗಲೂರಿನೋರ್ಗೂ ಕೊಡ್ಬಾರ್ದು ಅಂತಾನೇ ಕೂತಿದ್ದೆ ಕಣೋ. ಎಂಚು ಇಳೀದಿದ್ರೆ ಮನೆ ಆಗಾಕಿಲ್ಲ, ಮನೆ ಆಗ್ದಿದ್ರೆ ಅವ್ರು ಬರಾಕಿಲ್ಲ ಅಂತ..."

ಇಂಥ ಅಜ್ಜಿಯನ್ನು ಬೈಯಬೇಕೋ, ತಬ್ಬಿಕೊಳ್ಳಬೇಕೋ! ಬೈದಳು.

"ಯಲಹಂಕಕ್ಕೂ ಜಕ್ಕೂರಿಗೂ ಮಧ್ಯೆ ಏಳು ಸಮುದ್ರ ಇದ್ಯಾ ಅಜ್ಜೀ? ದಿನಾ ಬಂದು ಹೋಗ್ಬಹುದು! ಅತ್ತೆ ನಿನ್ನ ಹೊಟ್ಟೇಲಿ ಹುಟ್ಟಿದ ಮಗಳು. ಅವಳನ್ನ ಅಳಿಸಿ ಕಳಿಸಿದೆಯಲ್ಲ! ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ನೀನು ಊಂ ಅಂತಿದ್ದೆ. ಗೊತ್ತಿತ್ತು ನಂಗೆ."

ಆ ಮಾತಿಗೆ ಕೆಂಪಿಯ ಮುಖ ಕೆಂಪಾಯಿತು. ಆಂಜಿನಪ್ಪ ಥಟ್ಟನೆ ತಲೆಯೆತ್ತಿದ.

ಏಣಿಯ ಮೇಲಿದ್ದ ಮೇಸ್ತ್ರಿಯೂ ಬೀಡಿ ಹಚ್ಚುವುದನ್ನು ಮರೆತಿದ್ದ.

ಆಂಜಿನಪ್ಪನೇ ಮುಂದೆ ಬಂದ. ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಜ್ಜೀ, ಅಮ್ಮ ದಿನಾ ಕೇಳ್ತಾಳೆ. ಎಲ್ಲಾ ಸಾಮಾನೂ ಬಂತು, ನಮ್ಮವ್ವ ಎಲ್ಲೋ ಅಂತ. ನಿಂಗೆ ಅಂತ ಒಲೆ ಪಕ್ಕ ಜಾಗ ಸಾರಿಸಿ ಇಟ್ಟವ್ಳೆ. ಬಾ."

"ನಾನು ಯಾವ ಮುಖ ಇಟ್ಕೊಂಡು ಬರ್ಲಿ ಮಗಾ?"

"ಇರೋ ಮುಖಾನೇ ತಾ ಅಜ್ಜೀ."

ಅವನು ಅವಳನ್ನು ಮಗುವಿನಂತೆ ಎತ್ತಿಕೊಂಡ. ಅಜ್ಜಿ ಅವನ ಭುಜಕ್ಕೆ ಮುಖ ಒತ್ತಿಕೊಂಡಳು. ಅವರು ಹೊಸ್ತಿಲು ದಾಟಿದ್ದೇ ತಡ, ಖಾದರ್ ಬಾಷಾ "ಬಿಸ್ಮಿಲ್ಲಾ!" ಅಂತ ಮೊದಲ ಹೆಂಚು ಕಿತ್ತ.

ಗಾಡಿಯಲ್ಲಿ ನಾಲ್ವರೂ ಜಕ್ಕೂರು ಮುಟ್ಟುವಾಗ ಸಂಜೆಯ ಬಿಸಿಲು ಕೆರೆಯ ಮೇಲೆ ಹರಡಿತ್ತು. ಬಾಗಿಲಲ್ಲಿ ಅತ್ತೆ ಮುನಿನಾರಾಯಣಮ್ಮ ನಿಂತಿದ್ದಳು. ತಾಯಿಯನ್ನು ಕಂಡು ಬೈಯಬೇಕೆಂದು ಬಾಯಿ ತೆಗೆದಳೋ ಏನೋ... "ಎಷ್ಟು ಸಣ್ಣಗಾಗಿದ್ದೀಯೇ ಅವ್ವಾ!" ಅಂತ ಅತ್ತುಬಿಟ್ಟಳು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಒಳಗೆ ಹೋದರು. ಅಪ್ಪ ಕಣ್ಣೊರೆಸಿಕೊಂಡು ಅವರ ಹಿಂದೆ ಹೋದ.

ಅಂಗಳದಲ್ಲಿ ಉಳಿದವರು ಇಬ್ಬರೇ.

ಆಂಜಿನಪ್ಪ ಎತ್ತಿನ ಕೊರಳ ಹಗ್ಗ ಬಿಚ್ಚುತ್ತಿದ್ದ. ಬಿಚ್ಚಿದ ಮೇಲೂ ಬಿಚ್ಚುತ್ತಲೇ ಇದ್ದ.

"ನಾನು ಬೇಡ ಅಂದೆ ಅಂತ ಗೊತ್ತಾದಾಗ ನೀನಾದ್ರೂ ಬಂದು ನನ್ನ ಕೇಳ್ಬಾರ್ದಿತ್ತಾ?" ಕೆಂಪಿ ಎತ್ತಿನ ಹತ್ತಿರ ಬಂದಳು. "ಅವ್ರು ಕೇಳ್ಲಿಲ್ಲ, ಸರಿ. ನೀನು?"

"ಹೆದರಿಕೆ ಆಯ್ತು ಕಣೇ. ಬೇರೆಯೋರು ಹೇಳಿದ್ರೆ ಸುಳ್ಳಿರಬಹುದು ಅಂತ ಒಂಚೂರು ಆಸೆ ಇಟ್ಕೋಬಹುದು. ನಿನ್ನ ಬಾಯಿಂದಲೇ ಬಂದ್ರೆ..."

ಅವನು ಹಗ್ಗವನ್ನು ಬೆರಳಿಗೆ ಸುತ್ತಿಕೊಂಡ.

ಕೆಂಪಿಯ ಕಣ್ಣು ತುಂಬಿತು. ಎಷ್ಟು ದಿನದ ಸಿಟ್ಟು, ಸುಸ್ತು, ಧೂಳು ಎಲ್ಲ ಆ ಕಣ್ಣೀರಲ್ಲಿ ಇಳಿದು ಹೋಯಿತು.

"ಈಗ ಕೇಳು."

"ಈಗಲಾ? ಇಲ್ಲೇ?"

"ಇನ್ನೆಲ್ಲಿ? ಕೇಳು ಅಂದ್ರೆ ಕೇಳು! ನಂಗೆ ಇನ್ನು ಕಾಯೋ ಶಕ್ತಿ ಇಲ್ಲ."

ಅವನು ಹತ್ತಿರ ಬಂದ. ಅವಳ ಹಣೆಗೆ ಅಂಟಿದ್ದ ಮಸಿಯನ್ನು ಆ ಗಡುಸು ಬೆರಳಿಂದ ಮೆಲ್ಲಗೆ ಒರೆಸಿದ.

"ಕೆಂಪಿ... ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ ಬಾವಾ."

ಅವನು ಏನೂ ಹೇಳದೆ ನಿಂತೇ ಇದ್ದ.

"ಯಾಕೆ ಸುಮ್ಮನಾದೆ?"

"ಇನ್ನೊಂದ್ಸಲ ಹೇಳು."

"ಹೇಳಲ್ಲ, ಹೋಗು!" ಅಂದಳು ಕೆಂಪಿ. ಎರಡು ಹೆಜ್ಜೆ ಹೋಗಿ, ಅವನು ಇನ್ನೂ ಹಾಗೇ ನಿಂತಿರುವುದನ್ನು ಕಂಡು, ತಿರುಗಿ ಬಂದಳು. ಅವನ ಕಿವಿಯ ಹತ್ತಿರ ಬಾಯಿ ತಂದು, ಒಳಗಿರುವ ಯಾರಿಗೂ ಕೇಳಿಸದ ಹಾಗೆ ಅಂದಳು.

"ಆಗ್ತೀನಿ."